ಎರಡು ನಿಮಿಷದ ಮಿಷನ್

ತಮ್ಮಯ್ಯನ ಹೊಸ ಮಿಷನ್ ಎರಡೇ ನಿಮಿಷದಲ್ಲಿ ಒಂದು ಕೆಜಿ ಕಾಫಿಬೀಜ ಪುಡಿ ಮಾಡುತ್ತಿತ್ತು. ಎದುರಂಗಡಿ ರಾಚಪ್ಪನ ಹಳೇ ಮಿಷನ್ನಿಗೆ ಕಾಲು ಗಂಟೆ ಬೇಕು. ಆದರೂ ಜನ ಸಾಲುಗಟ್ಟುತ್ತಿದ್ದುದು ಅಲ್ಲೇ. ಬೀಜ ಸುರಿದ ಕೂಡಲೇ ರಾಚಪ್ಪ ಕಥೆ ಶುರುಮಾಡುತ್ತಿದ್ದ. ಮಿಷನ್ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಿಕ್ಕಿದ್ದು ಮುಂದಿನ ಸಲ ಪುಡಿಗೆ ಬಂದಾಗ.

ಬೀದಿಯವರೆಲ್ಲ ಅದನ್ನೇ ಮಾತಾಡುವುದು ಕೇಳಿ ತಮ್ಮಯ್ಯನಿಗೆ ಹೊಟ್ಟೆ ಉರಿದುಹೋಯಿತು.

"ಅದೇನ್ ಮಹಾ ಕಥೆನೋ, ಕೇಳ್ಕೊಂಡ್ ಬಾ. ನಾನೂ ಹೇಳ್ತೀನಿ" ಎಂದು ಹೆಂಡತಿಯನ್ನು ಕಳಿಸಿದ.

ಅವಳು ಪುಡಿಯ ಪೊಟ್ಟಣ ಹಿಡಿದು ಬಂದಳು. "ಮದುವೆ ಹೆಣ್ಣು ಒಡವೆ ಗಂಟು ತಗೊಂಡು ಹಿತ್ತಿಲ ಬಾಗಿಲು ತೆಗೆದ್ಲು. ಅಷ್ಟರಲ್ಲಿ ಮಿಷನ್ ನಿಂತೋಯ್ತು."

"ಆಚೆ ಯಾರಿದ್ರು?"

"ನಂಗೇನ್ ಗೊತ್ತು? ನೀವೇ ಹೋಗಿ ಕೇಳಿ."

"ಆ ಸುಳ್ಳುಬುರುಕನ ಅಂಗಡಿ ಮೆಟ್ಲು ನಾನು ಹತ್ತೋದಾ? ಈ ಜನ್ಮದಲ್ಲಿಲ್ಲ!"

ಎರಡು ದಿನ ಅವನಿಗೆ ಅನ್ನ ರುಚಿಸಲಿಲ್ಲ. ಮೂರನೆಯ ದಿನ ತನ್ನ ಅಂಗಡಿಯ ಬಾಗಿಲೆಳೆದು ಬೀದಿ ದಾಟಿದ. ಇವತ್ತು ಜಗಳ ಗ್ಯಾರಂಟಿ ಎಂದುಕೊಂಡು ಸಾಲಿನಲ್ಲಿದ್ದವರು ದಾರಿ ಬಿಟ್ಟರು. ರಾಚಪ್ಪನ ಕೈಯಲ್ಲಿದ್ದ ತಕ್ಕಡಿ ಅಲ್ಲೇ ನಿಂತಿತು.

"ಒಂದು ಕೆಜಿ ಕೊಡು ರಾಚಪ್ಪ," ತಮ್ಮಯ್ಯ ತಲೆ ತಗ್ಗಿಸಿ ಹೇಳಿದ. "ನಿಧಾನಕ್ಕೇ ಪುಡಿ ಮಾಡು."