ಬಣ್ಣದ ಹಂಡೆ

"ಕುದಿ ಬಂತಲ್ಲೇ!" ಎಂದು ಕೊಂಡಪ್ಪ ಬಣ್ಣದ ಹಂಡೆಯ ಒಲೆಯಿಂದ ಕೊಳ್ಳಿ ಎಳೆದ. ನೀರು ಕೂಡಲೇ ಆರಲಿಲ್ಲವೆಂದು ಇನ್ನಷ್ಟು ಎಳೆದ. ಹೆಂಡತಿ ಅಂಕಮ್ಮ ಹಂಡೆ ಮುಟ್ಟಿ, "ತಣ್ಣಗಾತಲ್ರಿ!" ಎಂದು ಎಳೆದದ್ದನ್ನೆಲ್ಲ ಮತ್ತೆ ತುರುಕಿದಳು. ಒಳಗಿದ್ದದ್ದು ಮೊಳಕಾಲ್ಮೂರಿನ ಮದುವೆ ಸೀರೆಯ ರೇಷ್ಮೆ, ಜರ್ಮನಿಯ ಕೆಂಪು ಬಣ್ಣ. ಕುದಿದರೂ ಕೆಡುತ್ತಿತ್ತು, ಆರಿದರೂ ಕೆಡುತ್ತಿತ್ತು.

"ನೀವೇ ನೋಡ್ಕಳ್ರಿ!" ಎಂದು ಅಂಕಮ್ಮ ಮುಂಬಾಗಿಲಿಂದ ಹೊರಟಳು. "ನೀನೇ ನೋಡ್ಕ!" ಎಂದು ಕೊಂಡಪ್ಪ ಹಿತ್ತಲಿಂದ ಹೊರಟ. ಸಂಜೆ ಬೀದಿಯಲ್ಲಿ ಎದುರಾದಾಗಲೇ ಹಂಡೆಯ ಹತ್ತಿರ ಯಾರೂ ಇಲ್ಲವೆಂದು ಇಬ್ಬರಿಗೂ ಹೊಳೆಯಿತು. ಓಡಿ ಬಂದರು.

ಒಲೆಯಲ್ಲಿ ಕೆಂಡ ಹದವಾಗಿತ್ತು. ರೇಷ್ಮೆ ತುದಿಯಿಂದ ತುದಿಗೆ ಒಂದೇ ಕೆಂಪು.

ಕೊಂಡಪ್ಪನ ಕೈ ತಾನಾಗಿ ಕೊಳ್ಳಿಯತ್ತ ಹೋಯಿತು. ಅಂಕಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇನ್ನೊಂದು ಲಡಿ ನೂಲು ಬಾಕಿ ಐತೆ. ಅದನ್ನ ಹಾಕಿ ಬರ್ರಿ, ಹೊರಗೆ ಕೂತು ಜಗಳ ಆಡಾನ."