ಹಿಂಡು ಕರೆಯುವ ದನಿ

"ಆ ಅನ್ರಿ," ಎಂದು ಮತ್ತೋಡಿನ ಡಾಕ್ಟರು ಚಮಚದಿಂದ ಈರಬಸಪ್ಪನ ನಾಲಿಗೆ ಒತ್ತಿ ಟಾರ್ಚು ಹಿಡಿದರು. ಗಂಟಲು ದಾಸವಾಳದಂತೆ ಕೆಂಪಾಗಿತ್ತು. "ಕೀವು ಕಟ್ಟೈತೆ. ಗುಣ ಆಗೋತನಕ ಕೂಗಂಗಿಲ್ಲ."

"ನಾನು ಕೂಗ್ದಿದ್ರೆ ಕುರಿ ಬರಲ್ಲ ಸಾಮಿ," ಎಂದು ಅವನು ಪಿಸುಗುಟ್ಟಿದ. ಕಿಟಕಿಯಾಚೆ ಅವನ ಹಿಂಡು ಆಗಲೇ ಯಾರದೋ ಕಡಲೆ ಹೊಲದತ್ತ ಹೊರಟಿತ್ತು.

"ಮದ್ವೆ ಆದಾಗ್ನಿಂದ ನಿನ್ ಕೂಗು ಕೇಳ್ತಾ ಇದೀನಿ, ನಂಗೇನು ಬರಾಕಿಲ್ವಾ?" ಎಂದು ಹೆಂಡತಿ ಉಚ್ಚಂಗಮ್ಮ ಬಾಗಿಲಿಗೆ ಹೋದಳು. ಅವರ ಮನೆಯಲ್ಲಿ ಹಿಂಡು ಕರೆಯುವುದು ಗಂಡಸರ ಕೆಲಸ. ಅವಳು ಒಮ್ಮೆಯೂ ಕರೆದವಳಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, "ಹುರ್ರ್... ಬಾ, ಬಾ, ಬಾಽಽಽ" ಎಂದಳು. ಗಂಡನದೇ ರಾಗ, ಕೊನೆಯ ಎಳೆತವೂ ಅವನದೇ. ಮುಂದಿನ ಟಗರು ನಿಂತಿತು. ಕಿವಿ ನಿಮಿರಿಸಿ ತಿರುಗಿತು. ಹಿಂಡೆಲ್ಲ ಅದರ ಹಿಂದೆ ಅವಳತ್ತ ನಡೆದು ಬಂತು.

"ಬಾಯಿ ಮುಚ್ಕಳ್ರಿ, ನೋಡಿದ್ದಾಯ್ತು," ಎಂದರು ಡಾಕ್ಟರು. ಬಾಯಿ ತೆರೆದು ಹೆಂಡತಿಯನ್ನೇ ನೋಡುತ್ತಿದ್ದ ಈರಬಸಪ್ಪನಿಗೆ ಕೇಳಿಸಲೇ ಇಲ್ಲ.