ಹಿಡಿ ಕಲ್ಲುಪ್ಪು

ಗಾಜಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಮಗ್ಗುಲಾಗಿ ತೇಲತೊಡಗಿದ ದಿನ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಒಳಕೋಣೆಯಲ್ಲಿ ಅವರ ಮಗ ಹಾಸಿಗೆ ಹಿಡಿದಿದ್ದ. ಡಾಕ್ಟರು ಇನ್ನು ದೇವರೇ ಗತಿ ಎಂದಿದ್ದರು.

ಸೊಸೆ ಮೀನಿನ ಆರೈಕೆಗೆ ನಿಂತಳು. ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರು ತುಂಬಿಸಿದಳು. ತಳದ ಹೊಲಸನ್ನು ಪೈಪಿನಿಂದ ಎಳೆದಳು, ಕಾಳು ಹಾಕುವುದನ್ನು ನಿಲ್ಲಿಸಿದಳು. ಹಿಡಿ ಕಲ್ಲುಪ್ಪನ್ನು ಕೈಯಾಡಿಸಿ ಕರಗಿಸುವಾಗ, ಗಂಡನ ಬೆಲ್ಟು ತೋಳಿನ ಮೇಲೆ ಎಬ್ಬಿಸಿದ್ದ, ಇನ್ನೂ ಮಾಯದ ಬಾಸುಂಡೆಗಳು ಚುರುಗುಟ್ಟಿದವು.

"ಸಾಯೋ ಮೀನಿಗ್ಯಾಕೆ ಇಷ್ಟೊಂದು ಉಪಚಾರ? ಬಿಟ್ಬಿಡೇ," ಎಂದರು ಅತ್ತೆ.

"ಪಾಪ, ಇನ್ನೂ ಉಸಿರಾಡ್ತಿದೆ ಅತ್ತೆ."

ವಾರ ಕಳೆಯುವುದರೊಳಗೆ ಮೀನು ನೆಟ್ಟಗಾಗಿ ಬಾಲ ಬೀಸಿತು. ಒಳಗೆ ಮಗನಿಗೆ ಏದುಸಿರು ಶುರುವಾಗಿತ್ತು. ಅತ್ತೆ ತೊಟ್ಟಿಯ ಮುಂದೆ ಕುಸಿದು ಕೂತರು.

"ಎಂಥ ಕೆಲಸ ಮಾಡಿದ್ಯೇ! ಮನೆಯವರಿಗೆ ಬರೋ ಸಾವನ್ನ ಸಾಕಿದ ಮೀನು ತನ್ನ ಮೇಲೆ ಹಾಕ್ಕೊಂಡು ಹೋಗುತ್ತೆ. ಅದು ಸತ್ತಿದ್ರೆ ನನ್ನ ಮಗ ಉಳ್ಕೊಳ್ತಿದ್ದ. ನಿಂಗೆ ಇಷ್ಟೂ ಗೊತ್ತಿರ್ಲಿಲ್ವೇನೇ?"

ಸೊಸೆ ಮೀನಿಗೆ ಒಂದು ಕಾಳು ಹಾಕಿದಳು.

"ಗೊತ್ತಿತ್ತು ಅತ್ತೆ."